ಚಕ್ಕುಬಂದಿಯ ಕನ್ನಡ, ಕಟಕಟೆಯ ಕನ್ನಡ

ಗೆಳೆಯರೇ,

ಮೈಸೂರಿನ ಕಾನೂನು ವಿದ್ಯಾರ್ಥಿಗಳ ಮುಂದೆ ಭಾಷೆಯ ಬಗ್ಗೆ ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಸಂವಿಧಾನವಲ್ಲ, ನಮ್ಮ ಮನೆಯ ಟ್ರಂಕು. ಅದರಿಂದ ಅಜ್ಜನ ಕಾಲದ ಒಂದು ಕ್ರಯಪತ್ರವನ್ನು ತೆಗೆದು ತಂದಿದ್ದೇನೆ. ಮದ್ದೂರು ಸೀಮೆಯ ಮೂವತ್ತು ಗುಂಟೆ ತರಿ ಜಮೀನಿನದು. ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ದಾಯಾದಿಯ ಗದ್ದೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಹಳ್ಳ. ಇಷ್ಟು ಚಕ್ಕುಬಂದಿ. ಅದರ ಕೆಳಗೆ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಸಾಲು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಬರುವ ಅಷ್ಟಭೋಗ ಅದು, ಅಂದರೆ ಜಮೀನಿನ ಮೇಲಿನ ಎಂಟು ಬಗೆಯ ಅನುಭೋಗದ ಹಕ್ಕು. ಮೂವತ್ತು ಗುಂಟೆಯಲ್ಲಿ ನಿಧಿಯೂ ಸಿಗಲಿಲ್ಲ, ನಿಕ್ಷೇಪವೂ ಸಿಗಲಿಲ್ಲ, ಆ ಮಾತು ಬೇರೆ. ಆದರೆ ಪತ್ರ ಬರೆದವರು ಒಂದನ್ನೂ ಬಿಟ್ಟಿಲ್ಲ. ಕೊನೆಯಲ್ಲಿ ‘ಬಿಕ್ಕಲಂ’, ಅಂದರೆ ಬರೆದವರ ಕೈಬರಹ, ಎಂದು ಬರೆದು ತಮ್ಮ ರುಜು ಹಾಕಿದ್ದಾರೆ.

ಈ ಒಂದೇ ಹಾಳೆಯಲ್ಲಿ ಎಷ್ಟು ಭಾಷೆಗಳಿವೆ ನೋಡಿ. ಅಷ್ಟಭೋಗ ಸಂಸ್ಕೃತದ್ದು. ತಕರಾರು, ವಾರಸುದಾರ, ಬಿಕ್ಕಲಂ ಪಾರ್ಸಿ, ಅರಬ್ಬಿಗಳ ಕಡೆಯಿಂದ ಬಂದವು. ಓಣಿ, ಹಳ್ಳ, ಗದ್ದೆ ನಮ್ಮವು. ನೋಂದಣಿ ಕಚೇರಿಯ ಮುದ್ರೆ ಇಂಗ್ಲಿಷಿನಲ್ಲಿದೆ. ಹೊಲ ಉಳುವ ರೈತನಿಗೆ ಇದರಲ್ಲಿ ಯಾವುದೂ ಪರಭಾಷೆ ಅನ್ನಿಸಿರಲಿಲ್ಲ. ಆದ್ದರಿಂದ ‘ಕಾನೂನಿಗೆ ಬೇಕಾದ ಪದಗಳು ಕನ್ನಡದಲ್ಲಿಲ್ಲ’ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಪದಕ್ಕೆ ಬರವಿಲ್ಲ, ಕೇಳಿಸಿಕೊಳ್ಳುವ ಕಿವಿಗೆ ಬರವಿದೆ.

ಸಂವಿಧಾನದ ಲೆಕ್ಕವನ್ನು ಬೇಗ ಮುಗಿಸುತ್ತೇನೆ, ನಿಮಗೆ ಅದು ಪರೀಕ್ಷೆಗೆ ಹೇಗೂ ಬರುತ್ತದೆ. ಸಂಸತ್ತು ಬೇರೆ ರೀತಿ ಹೇಳುವವರೆಗೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ನಡಾವಳಿ ಇಂಗ್ಲಿಷಿನಲ್ಲಿ ಎನ್ನುತ್ತದೆ 348ನೇ ವಿಧಿ. ರಾಷ್ಟ್ರಪತಿಯ ಪೂರ್ವಾನುಮತಿ ಪಡೆದು ರಾಜ್ಯಪಾಲರು ಹೈಕೋರ್ಟಿನ ನಡಾವಳಿಗೆ ರಾಜ್ಯದ ಭಾಷೆಯನ್ನು ಅಧಿಕೃತಗೊಳಿಸಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಆ ಬಾಗಿಲು ತೆರೆದಿದೆ. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರದ್ದೇ. ನಮ್ಮ ರಾಜಭಾಷಾ ಅಧಿನಿಯಮ 1963ರದು. ಅಂದರೆ ತಾಲ್ಲೂಕಿನ ಕೋರ್ಟಿನಲ್ಲಿ ಕನ್ನಡಕ್ಕೆ ಕಾನೂನು ಅಡ್ಡ ನಿಂತಿಲ್ಲ.

ಹಾಗಾದರೆ ಅಡ್ಡ ನಿಂತಿರುವುದು ಏನು? ಕಟಕಟೆಯ ಹತ್ತಿರ ಹೋಗೋಣ. ಒಬ್ಬ ರೈತ ‘ನನ್ನ ಎತ್ತುಗಳನ್ನು ಹೊಡೆದುಕೊಂಡು ಹೋದ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಮಂಡ್ಯದ ಕಡೆ ಗಾಡಿ ಹೊಡೆಯುತ್ತಾರೆ, ಕುಂಟೆ ಹೊಡೆಯುತ್ತಾರೆ, ಗೊಬ್ಬರವನ್ನೂ ಹೊಡೆಯುತ್ತಾರೆ. ಇವನು ಹೇಳುತ್ತಿರುವುದು ಕಳವೇ, ಎತ್ತುಗಳನ್ನು ಬಡಿದದ್ದೇ, ಸುಮ್ಮನೆ ಅಟ್ಟಿಕೊಂಡು ಹೋದದ್ದೇ? ದಾಖಲೆಗೆ ಇಳಿಸುವವರು ಮೂರರಲ್ಲಿ ಒಂದನ್ನು ಆರಿಸಿ ಇಂಗ್ಲಿಷಿನಲ್ಲಿ ಬರೆದರೆ ಮೊಕದ್ದಮೆಯ ಅರ್ಧ ಭಾಗ ಅಲ್ಲಿಯೇ ತೀರ್ಮಾನವಾಗಿ ಹೋಗುತ್ತದೆ. ಮೇಲ್ಮನವಿಯಲ್ಲಿ ಎಲ್ಲರೂ ಓದುವುದು ಆ ಇಂಗ್ಲಿಷ್ ವಾಕ್ಯವನ್ನು.

ಕನ್ನಡದಲ್ಲೇ ಬರೆದರೂ ಪಾರಾಗುವುದಿಲ್ಲ. ದೂರುಗಳಲ್ಲಿ ಎಲ್ಲ ಬೈಗುಳವೂ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದಾಗುತ್ತದೆ. ದೂರು ಕೊಟ್ಟ ಹೆಂಗಸು ಜನ್ಮದಲ್ಲಿ ‘ಅವಾಚ್ಯ’ ಎಂಬ ಪದವನ್ನು ಆಡಿರಲಾರಳು. ಆದರೆ ಜಾತಿಯ ಹೆಸರು ಹಿಡಿದು ಬೈದ ಪ್ರಕರಣದಲ್ಲಿ ಎದುರಾಳಿ ಏನೆಂದ ಎಂಬುದೇ ಅಪರಾಧದ ತಿರುಳು. ನಯವಾದ ಗ್ರಂಥಸ್ಥ ಕನ್ನಡ ಆ ತಿರುಳನ್ನು ತೊಳೆದು ಹಾಕುತ್ತದೆ. ಕತೆ ಬರೆಯುವವರು ಪಾತ್ರದ ಮಾತನ್ನು ತಿದ್ದಲು ಹೆದರುತ್ತಾರೆ. ದಾಖಲೆ ಬರೆಯುವವರಿಗೆ ಆ ಹೆದರಿಕೆ ಇಲ್ಲ. ಸಾಹಿತ್ಯದಿಂದ ಕಾನೂನು ಕಲಿಯಬೇಕಾದದ್ದು ಉಪಮೆ, ಅಲಂಕಾರಗಳನ್ನಲ್ಲ, ಈ ಹೆದರಿಕೆಯನ್ನು.

ನಮ್ಮ ಹಳಬರಲ್ಲಿ ಅದು ಇತ್ತು. ಮದ್ದೂರಿನ ಕಡೆಯ ಆತಕೂರಿನ ಶಾಸನ, ಹತ್ತನೆಯ ಶತಮಾನದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನು ರಾಜನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದಾನವಾಗಿ ಬಿಟ್ಟು, ಪೂಜೆ ತಪ್ಪಿಸಿದವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ಅದು ದಾನಪತ್ರ, ವೀರಗಾಥೆ, ದಂಡಸಂಹಿತೆ ಮೂರೂ ಹೌದು. ನಾಯಿಯ ಹೆಸರನ್ನು ಕೂಡ ಬಿಡದೆ ದಾಖಲಿಸಿದವರು ಅವರು.

ಇನ್ನೊಂದು ಮಾತು ನಮಗೇ ಹೇಳಿಕೊಳ್ಳಬೇಕಾದದ್ದು. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೇ ಊರಿನಲ್ಲಿದೆ. ಇಲ್ಲಿಂದ ಒಂದು ಬಸ್ಸಿನ ದೂರದಲ್ಲಿ ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಗಳಿವೆ, ಬೈಲಕುಪ್ಪೆಯಲ್ಲಿ ಟಿಬೆಟ್ಟಿನವರಿದ್ದಾರೆ, ಮಂಡಿ ಮೊಹಲ್ಲಾದಲ್ಲಿ ಉರ್ದು ಇದೆ. ಜೇನುಕುರುಬರ ಅಜ್ಜಿಯೊಬ್ಬಳು ಸಾಕ್ಷಿ ಹೇಳಲು ಬಂದಾಗ ‘ಕನ್ನಡದಲ್ಲಿ ಸರಿಯಾಗಿ ಹೇಳಮ್ಮ’ ಎಂದು ನಾವು ಗದರಿದರೆ, ಇಂಗ್ಲಿಷಿನ ಮೇಲೆ ನಾವು ಹೊರಿಸುವ ದೂರಿಗೆ ಬೆಲೆ ಉಳಿಯುವುದಿಲ್ಲ. ದುಭಾಷಿಯನ್ನು ಕರೆಸಲು ಕಾನೂನಿನಲ್ಲಿ ಅವಕಾಶವಿದೆ. ಕರೆಸುವ ತಾಳ್ಮೆ ಬೇಕು.

ಕ್ರಯಪತ್ರಕ್ಕೆ ಮರಳುತ್ತೇನೆ. ಮಾರಿದವರಿಗೆ ಓದು ಬರುತ್ತಿರಲಿಲ್ಲ. ಕೊನೆಯ ಸಾಲು ಹೀಗಿದೆ: ‘ಓದಿಸಿ ಕೇಳಿ ಸರಿಯೆಂದು ಒಪ್ಪಿ ಹಾಕಿದ ಹೆಬ್ಬೆಟ್ಟಿನ ಗುರುತು’. ಅಂದರೆ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದಾರೆ, ಅವರು ಕೂತು ಕೇಳಿದ್ದಾರೆ. ಹಾಳೆಯನ್ನು ಮುಂದಿನ ಸಾಲಿನಿಂದ ಕಳುಹಿಸುತ್ತೇನೆ, ನೋಡಿ. ಮಡಿಕೆಯ ಹತ್ತಿರ ಮಾತ್ರ ಹಿಡಿಯಬೇಡಿ, ಅಲ್ಲಿ ಹರಿದಿದೆ.