ಕೆಳಮನೆಯಿಂದ ಮೇಲ್ಮನೆಗೆ ಒಂದು ಕಾಗದ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ಹನುಮಂತನಗರದಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಯವರು, ನಡುವೆ 18 ಮೆಟ್ಟಿಲು. ಕೆಲವು ವರ್ಷಗಳ ಹಿಂದೆ ಆ 18 ಮೆಟ್ಟಿಲು ಹತ್ತುವುದಕ್ಕೆ ನಮ್ಮ ಒಂದು ಕಾಗದಕ್ಕೆ ಮೂರು ದಿನ ಬೇಕಾಯಿತು. ನಮ್ಮ ಗೇಟಿನಿಂದ ಹೊರಟು, ಪೋಸ್ಟಾಫೀಸಿಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಮತ್ತೆ ಅದೇ ಗೇಟಿಗೆ ಬಂತು. ಪೋಸ್ಟ್‌ಮ್ಯಾನ್ ಕಳಿಸಿದವರ ವಿಳಾಸ ನೋಡಿದರು, ತಲುಪಬೇಕಾದವರ ವಿಳಾಸ ನೋಡಿದರು, ಬಾಗಿಲಲ್ಲಿ ನಿಂತಿದ್ದ ನಮ್ಮ ಅಮ್ಮನ ಮುಖ ನೋಡಿದರು. ಏನೂ ಕೇಳದೆ ಮೆಟ್ಟಿಲು ಹತ್ತಿದರು. ಬೆಂಗಳೂರಿನ ಪೋಸ್ಟ್‌ಮ್ಯಾನ್‌ಗಳಿಗೆ ಇದೇನು ಹೊಸದೇ?

ಅದು ಬಾಡಿಗೆ ಬಾಕಿಯ ನೋಟೀಸು. ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಬಾಡಿಗೆ ತಿಂಗಳಿಗೆ 16,000. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕೊಡಬೇಕು ಅಂತ ಮಾತು. ಜೂನ್ ತಿಂಗಳದ್ದು ಬರಲಿಲ್ಲ. ಜುಲೈನಲ್ಲಿ 10,000 ಬಂತು. ಆಗಸ್ಟ್‌ನಲ್ಲಿ ಮತ್ತೆ ಏನೂ ಇಲ್ಲ. ಅಮ್ಮನಿಗೆ ಕೇಳಲು ಸಂಕೋಚ. ಮೇಲಿನ ಮನೆಯಿಂದ ಆಗಾಗ ಬಿಸಿಬೇಳೆಬಾತ್ ಬರುತ್ತಿತ್ತು. ಡಬ್ಬಿ ತೊಳೆದು ವಾಪಸ್ ಕೊಡುವಾಗ ‘ಬಾಡಿಗೆ ಯಾವಾಗ ಕೊಡ್ತೀರಿ’ ಅಂತ ಕೇಳುವುದು ಹೇಗೆ, ಅಲ್ವಾ? ಹೀಗೆ ಸುಮ್ಮನಿದ್ದ ಅಮ್ಮನ ಸಹನೆ ಹಾರಿಹೋದದ್ದು ಒಂದು ಶನಿವಾರ. ಇಬ್ಬರು ಹುಡುಗರು ದೊಡ್ಡದೊಂದು ಟೀವಿ ಡಬ್ಬ ಹೊತ್ತುಕೊಂಡು ನಮ್ಮ ಕಿಟಕಿಯ ಮುಂದೆಯೇ ಮೇಲಕ್ಕೆ ಹೋದರು.

ಅಮ್ಮ ಅವತ್ತು ರಾತ್ರಿಯೇ ಕಾಗದ ಬರೆದರು. ‘ಟೀವಿ ತಗೊಳ್ಳೋಕೆ ದುಡ್ಡಿದೆ, ಬಾಡಿಗೆಗೆ ಇಲ್ವಾ? ಮೂರು ದಿನದಲ್ಲಿ ಖಾಲಿ ಮಾಡದಿದ್ದರೆ ನೀರು ನಿಲ್ಲಿಸುತ್ತೇನೆ’ ಅಂತ ಶುರುವಾಗಿ ಎರಡು ಪುಟ. ನಮ್ಮ ಚಿಕ್ಕಪ್ಪ ವಕೀಲರು. ಓದಿ, ಕನ್ನಡಕ ತೆಗೆದಿಟ್ಟು ಹೇಳಿದರು: “ಅತ್ತಿಗೆ, ಇದು ನೋಟೀಸಲ್ಲ, ಬೈಗುಳ. ನಾಳೆ ಕೋರ್ಟಿಗೆ ಹೋದರೆ ಈ ಕಾಗದ ನಿಮಗಲ್ಲ, ಅವರಿಗೆ ಸಾಕ್ಷಿ ಆಗುತ್ತೆ.”

ಅವರು ಹೇಳಿದ್ದು ನೀರಿನ ಮಾತಿಗೆ. ಬಾಕಿ ಎಷ್ಟೇ ಇರಲಿ, ನೀರು, ಕರೆಂಟು ಕತ್ತರಿಸುವುದು, ಬೀಗ ಬದಲಿಸುವುದು ಮಾಲೀಕರ ಕೈಯಲ್ಲಿಲ್ಲ. ಕೋರ್ಟಿನ ದಾರಿ ಬಿಟ್ಟು ಬಲವಂತವಾಗಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬಾಡಿಗೆಯವರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯನ್ನು ವಾಪಸ್ ಪಡೆಯಬಹುದು. ಬಾಕಿ ದುಡ್ಡು ಕೇಳಲು ಹೋದವರು ತಾವೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಚಿಕ್ಕಪ್ಪ ಎರಡು ಪುಟವನ್ನು ಅರ್ಧ ಪುಟಕ್ಕೆ ಇಳಿಸಿದರು. ಟೀವಿ ಹೋಯಿತು, ನೀರು ಹೋಯಿತು. ಉಳಿದದ್ದು ಲೆಕ್ಕ. ಜೂನ್: ಬರಬೇಕಾದದ್ದು 16,000, ಬಂದದ್ದು ಸೊನ್ನೆ. ಜುಲೈ: 16,000ದಲ್ಲಿ 10,000 ಬಂದಿದೆ, ಬಾಕಿ 6,000. ಆಗಸ್ಟ್: 16,000 ಬಾಕಿ. ಒಟ್ಟು 38,000 ರೂಪಾಯಿ. ಇಂಥ ತಾರೀಖಿನೊಳಗೆ ಇಂಥ ಖಾತೆಗೆ ಹಾಕಿ. ಕೆಳಗೆ ಅಮ್ಮನ ಸಹಿ, ಏಕೆಂದರೆ ಮನೆ ಅವರ ಹೆಸರಿನಲ್ಲಿದೆ. ಕಾಗದದ ಮೇಲ್ಗಡೆ ಹೆಸರು ಬಾಡಿಗೆಗಿದ್ದ ಗಂಡನದ್ದು. ಪ್ರತಿ ತಿಂಗಳು ದುಡ್ಡು ತಂದುಕೊಡುತ್ತಿದ್ದವರು ಅವರ ಹೆಂಡತಿ. ಆದರೆ ಕರಾರು ಪತ್ರದಲ್ಲಿ ಇದ್ದದ್ದು ಗಂಡನ ಹೆಸರು. ಯಾರ ಜೊತೆ ಕರಾರು ಆಗಿದೆಯೋ ಅವರ ಹೆಸರಿಗೇ ನೋಟೀಸು ಹೋಗಬೇಕು.

ನನಗೆ ಆ ಅರ್ಧ ಪುಟದಲ್ಲಿ ಇಷ್ಟವಾದದ್ದು ಜುಲೈನ ಸಾಲು. ಬಂದ 10,000ವನ್ನು ಒಪ್ಪಿಕೊಂಡ ಸಾಲು. ಎಷ್ಟೋ ಮಾಲೀಕರು ಸಿಟ್ಟಿನಲ್ಲಿ ಬಂದ ದುಡ್ಡನ್ನು ಮರೆಯುತ್ತಾರೆ, ಪೂರಾ ಬಾಕಿ ಅಂತ ಬರೆದುಬಿಡುತ್ತಾರೆ. ಅಲ್ಲಿಗೆ ಜಗಳ ಬಾಡಿಗೆ ಬಿಟ್ಟು ಲೆಕ್ಕದ ಮೇಲೆ ತಿರುಗುತ್ತದೆ.

ಇಲ್ಲೊಂದು ಗೊಂದಲ ತುಂಬಾ ಜನಕ್ಕಿದೆ. ‘ಬಾಕಿ ಕೊಡಿ’ ಅನ್ನುವ ನೋಟೀಸು ಬೇರೆ, ‘ಮನೆ ಬಿಡಿ’ ಅನ್ನುವ ನೋಟೀಸು ಬೇರೆ. ಅಮ್ಮ ಕಳಿಸಿದ್ದು ಮೊದಲನೆಯದು. ಎರಡನೆಯದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಇದೆ. ತಿಂಗಳ ಲೆಕ್ಕದ ಬಾಡಿಗೆಯಾದರೆ 15 ದಿನದ ನೋಟೀಸು, ಬರವಣಿಗೆಯಲ್ಲಿ, ಸಹಿ ಹಾಕಿ. ಮೊದಲು ಆ 15 ದಿನ ಬಾಡಿಗೆ ತಿಂಗಳ ಕೊನೆಗೆ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನ ಆಚೀಚೆಯಾದರೂ ಕೇಸು ಬಿದ್ದುಹೋಗುತ್ತಿತ್ತು. 2002ರ ಕೊನೆಗೆ ಬಂದ ತಿದ್ದುಪಡಿ ಆ ಕಾಟ ತಪ್ಪಿಸಿತು. ಈಗ ನೋಟೀಸು ಕೈಸೇರಿದ ದಿನದಿಂದ 15 ದಿನ ಎಣಿಸಿದರಾಯಿತು. ಆದರೆ ಕರಾರಿನಲ್ಲಿ ‘ಒಂದು ತಿಂಗಳ ನೋಟೀಸು’ ಅಂತ ಬರೆದಿದ್ದರೆ ಅದೇ ನಡೆಯುತ್ತದೆ. ನಾವೆಲ್ಲ 11 ತಿಂಗಳ ಕರಾರಿಗೆ ಕಣ್ಣು ಮುಚ್ಚಿ ಸಹಿ ಹಾಕುವವರು. ಅದನ್ನು ತೆಗೆದು ಓದುವುದು ಜಗಳ ಶುರುವಾದ ಮೇಲೇ.

ಕರ್ನಾಟಕದ 1999ರ ಬಾಡಿಗೆ ಕಾಯ್ದೆಯೂ ಒಂದಿದೆ. ಅದರಲ್ಲಿ ಬಾಕಿ ನೋಟೀಸು ಸಿಕ್ಕಮೇಲೆ ತೀರಿಸಲು ಎರಡು ತಿಂಗಳ ಗಡುವು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಈ ಊರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಹೆಚ್ಚು.

ಸರಿ, ಕಾಗದ ಬರೆದಾಯಿತು. ಮೇಲೆ ಹೋಗಿ ಕೈಗೆ ಕೊಟ್ಟರೆ ಆಗದೇ? ಆಗುತ್ತದೆ. ಕಾನೂನು ಕೈಗೆ ಕೊಡುವುದನ್ನೂ ಒಪ್ಪುತ್ತದೆ, ಮನೆಯವರ ಕೈಗೆ ಕೊಡುವುದನ್ನೂ ಒಪ್ಪುತ್ತದೆ. ಅದ್ಯಾವುದೂ ಆಗದಿದ್ದರೆ ಬಾಗಿಲಿಗೆ ಅಂಟಿಸಬಹುದು. ಆದರೆ ‘ನಮಗೆ ಬಂದೇ ಇಲ್ಲ’ ಅಂದರೆ ಏನು ಮಾಡುವುದು? ಅದಕ್ಕೇ ಪೋಸ್ಟು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋದ ಕಾಗದ ತಲುಪಿದೆ ಅಂತಲೇ ಕೋರ್ಟು ಹಿಡಿಯುತ್ತದೆ, ತಲುಪಿಲ್ಲ ಅನ್ನುವವರು ತೋರಿಸಿಕೊಡಬೇಕು. ಬೇಡ ಅಂತ ವಾಪಸ್ ಕಳಿಸಿದರೂ ತಲುಪಿದ ಹಾಗೆಯೇ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದೆ. ಹಾಗಾಗಿ ತಲುಪಿದ್ದಕ್ಕೆ ದಾಖಲೆ ಬೇಕು ಅಂತ ಕೌಂಟರಿನಲ್ಲೇ ಹೇಳಿ, ರಸೀದಿ ಜೋಪಾನ ಮಾಡಿ. ನೋಟೀಸಿನ ಒಂದು ಪ್ರತಿಯೂ ನಿಮ್ಮ ಹತ್ತಿರ ಇರಲಿ.

ವಾಟ್ಸಾಪ್ ಸಾಲದೇ ಅಂತ ಕೇಳುತ್ತಾರೆ. ನೆನಪು ಮಾಡಲು ಸಾಕು. ಸಾಕ್ಷಿಯಾಗಿಯೂ ಬರುತ್ತದೆ, ಆದರೆ ಅದಕ್ಕೆ ಕೋರ್ಟಿನಲ್ಲಿ ಸರ್ಟಿಫಿಕೇಟು ಕೊಡಬೇಕು. ಮನೆ ಬಿಡಿಸುವ ನೋಟೀಸಿಗೆ ಅದೊಂದನ್ನೇ ನಂಬಿ ಕೂರಬೇಡಿ.

ಇನ್ನೊಂದು ಮಾತು, ಇದು ಫೋನಿನಲ್ಲಿ ದುಡ್ಡು ಬರುವ ಕಾಲದ್ದು. ಮನೆ ಬಿಡಿ ಅಂತ ನೋಟೀಸು ಕಳಿಸಿದ ವಾರಕ್ಕೆ ಟಣ್ ಅಂತ 5,000 ಬಂದುಬಿಡುತ್ತದೆ. ನೀವು ಕೇಳಿದ್ದೂ ಇಲ್ಲ, ಬೇಡ ಅನ್ನಲು ಆಗುವುದೂ ಇಲ್ಲ. ನೋಟೀಸು ಮುಗಿದ ಮೇಲಿನ ಬಾಡಿಗೆ ಅಂತ ಸುಮ್ನೆ ಇಟ್ಟುಕೊಂಡರೆ, ‘ಮಾಲೀಕರೇ ನೋಟೀಸು ಕೈಬಿಟ್ಟರು’ ಅಂತ ವಾದ ಬರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಸೆಕ್ಷನ್ ಇರುವುದೇ ಅದಕ್ಕೆ. ಅವತ್ತೇ ಒಂದು ಸಾಲು ಬರೆದು ಕಳಿಸಿ: ‘ಈ ದುಡ್ಡನ್ನು ಹಳೇ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ, ನೋಟೀಸು ಹಾಗೇ ಇದೆ.’

ಈಗ ಮೇಲ್ಮನೆಯವರಿಗೆ ಎರಡು ಮಾತು. ನೋಟೀಸು ಬಂದರೆ ತೆಗೆದುಕೊಳ್ಳಿ, ಬಾಗಿಲು ಹಾಕಿಕೊಂಡು ಕೂರಬೇಡಿ. ಲೆಕ್ಕ ತಪ್ಪಿದ್ದರೆ ಬರೆದೇ ಉತ್ತರ ಕೊಡಿ. ನಗದು ಕೊಟ್ಟರೆ ರಸೀದಿ ಕೊಡದ ಮಾಲೀಕರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಮುಂದೆ ಬ್ಯಾಂಕಿನ ಮೂಲಕವೇ ಕೊಡಿ. ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಅನ್ನುವುದು ಬೆಂಗಳೂರಿನ ಹಳೇ ಮಾತು. ಕರಾರಿನಲ್ಲಿ ಹಾಗೆ ಬರೆಯದಿದ್ದರೆ ಮಾಲೀಕರು ಒಪ್ಪಬೇಕು ಅಂತೇನಿಲ್ಲ. ಬಾಕಿಯ ಕಾರಣಕ್ಕೇ ಕರಾರು ರದ್ದು ಅಂತ ದಾವೆ ಹಾಕಿದ್ದರೂ, ವಿಚಾರಣೆಗೆ ಬಂದಾಗ ಬಾಕಿ, ಬಡ್ಡಿ, ಖರ್ಚು ಎಲ್ಲಾ ಕಟ್ಟಿದರೆ ನಿಮ್ಮನ್ನು ಉಳಿಸುವ ಅಧಿಕಾರ ಅದೇ 1882ರ ಕಾಯ್ದೆಯ 114ನೇ ಸೆಕ್ಷನ್ನಿನಲ್ಲಿ ಕೋರ್ಟಿಗಿದೆ.

ನಮ್ಮ ಮನೆಯಲ್ಲಿ ಅಷ್ಟು ದೂರ ಹೋಗಲಿಲ್ಲ. ಕಾಗದ ತಲುಪಿದ ದಿನ ಸಂಜೆಯೇ ಮೇಲಿನವರು ಅದನ್ನು ಹಿಡಿದು ಇಳಿದು ಬಂದರು. ಮುಖ ಗಂಟಿಕ್ಕಿತ್ತು. “ಆಂಟಿ, ಪೋಸ್ಟಲ್ಲಿ ಯಾಕೆ, ಒಂದು ಮಾತು ಹೇಳಿದ್ದರೆ ಆಗ್ತಿರಲಿಲ್ವಾ? ಜುಲೈದು ಹತ್ತು ಸಾವಿರ ಕೊಟ್ಟಿದ್ದೀನಲ್ಲ.”

“ಬರೆದಿದ್ದೀನಿ ನೋಡಪ್ಪ, ಎರಡನೇ ಸಾಲು” ಅಂದರು ಅಮ್ಮ.

ಅವರು ನಿಂತಲ್ಲೇ ಇನ್ನೊಮ್ಮೆ ಓದಿದರು. ಕೆಲಸ ಹೋಗಿ ಮೂರು ತಿಂಗಳಾಗಿತ್ತಂತೆ. ಟೀವಿ ಅವರ ಬಾವ ಕಳಿಸಿದ್ದು. ಎರಡು ಕಂತಿನಲ್ಲಿ 38,000 ಬಂತು. ಬಿಸಿಬೇಳೆಬಾತ್ ಮಾತ್ರ ಆಮೇಲೆ ಎರಡು ತಿಂಗಳು ಬರಲಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.