ಹೊಡೆದುಹಾಕಿದ ಎರಡು ಪ್ಯಾರಾಗಳು

ಕೇಳುಗರಿಗೆ ನಮಸ್ಕಾರ.

1949ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಫ್ರೆಡ್ ಹೋಯ್ಲ್ ಬಿಬಿಸಿ ಬಾನುಲಿಯಲ್ಲಿ ಒಂದು ಭಾಷಣ ಮಾಡಿದರು. ವಿಶ್ವಕ್ಕೆ ಒಂದು ಆರಂಭವಿತ್ತು ಎಂಬ ವಾದವನ್ನು ಅವರು ಒಪ್ಪುತ್ತಿರಲಿಲ್ಲ. ಆ ವಾದ ಏನೆಂಬುದು ಕೇಳುವವರ ಕಣ್ಣಿಗೆ ಕಟ್ಟಲಿ ಎಂದು ಅದನ್ನು 'ಬಿಗ್ ಬ್ಯಾಂಗ್' ಎಂದು ಕರೆದರು. ನಾವು ಕನ್ನಡದಲ್ಲಿ ಮಹಾಸ್ಫೋಟ ಎನ್ನುತ್ತೇವೆ. ಹೀಗೆ ಬಾನುಲಿಯಲ್ಲಿ ನಾಮಕರಣಗೊಂಡ ಆ ವಿಚಾರವನ್ನು ಅದಕ್ಕೂ 18 ವರ್ಷ ಮೊದಲೇ ಮುಂದಿಟ್ಟಿದ್ದವರು ಬೆಲ್ಜಿಯಂ ದೇಶದ ಲೂವೇನ್ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಗುರುದೀಕ್ಷೆ ಪಡೆದ ಪಾದ್ರಿಯೂ ಆಗಿದ್ದ ಜಾರ್ಜ್ ಲೆಮೆತ್ರ್. ಅವರ ಬದುಕು ಮತ್ತು ಸಾವಿನ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಲೆಮೆತ್ರ್ ಹುಟ್ಟಿದ್ದು 1894ರ ಜುಲೈ 17ರಂದು, ಕಲ್ಲಿದ್ದಲು ಮತ್ತು ಗಾಜಿನ ಉದ್ಯಮಗಳಿಗೆ ಹೆಸರಾದ ಷಾರ್ಲ್‌ರ್ವಾ ಪಟ್ಟಣದಲ್ಲಿ. ಜೆಸ್ವಿಟ್ ಗುರುಗಳ ಶಾಲೆಯಲ್ಲಿ ಓದಿ, ಲೂವೇನ್‌ನಲ್ಲಿ ಎಂಜಿನಿಯರಿಂಗ್ ಕಲಿಯುತ್ತಿದ್ದಾಗ 1914ರಲ್ಲಿ ಯುದ್ಧ ಬಂತು. ಇಪ್ಪತ್ತರ ಹರೆಯದ ಹುಡುಗ ತಾನಾಗಿ ಸೈನ್ಯಕ್ಕೆ ಸೇರಿದ. ಮೊದಲು ಕಾಲಾಳು ಪಡೆಯಲ್ಲಿ, ಆಮೇಲೆ ಫಿರಂಗಿ ದಳದಲ್ಲಿ ಯುದ್ಧ ಮುಗಿಯುವವರೆಗೂ ದುಡಿದ. 1915ರ ಏಪ್ರಿಲ್‌ನಲ್ಲಿ ಈಪ್ರ್ ರಣಭೂಮಿಯಲ್ಲಿ ಜರ್ಮನರು ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಾಗ ಅದರ ಪರಿಣಾಮವನ್ನು ಕಣ್ಣಾರೆ ಕಂಡ. ಶೌರ್ಯಪದಕ ಧರಿಸಿ ಹಿಂದಿರುಗಿದವನು ಎಂಜಿನಿಯರಿಂಗನ್ನು ಕೈಬಿಟ್ಟು ಗಣಿತವನ್ನೂ ಭೌತವಿಜ್ಞಾನವನ್ನೂ ಹಿಡಿದ. 1920ರಲ್ಲಿ ಡಾಕ್ಟರೇಟ್ ಮುಗಿಸಿದ ವರ್ಷವೇ ಮೆಖೆಲೆನ್‌ನ ಸೆಮಿನರಿಗೆ ಸೇರಿದ. ಅಲ್ಲಿ ದೈವಶಾಸ್ತ್ರದ ಜೊತೆಜೊತೆಗೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೂ ಓದಿಕೊಂಡ. 1923ರ ಸೆಪ್ಟೆಂಬರ್‌ನಲ್ಲಿ ಕಾರ್ಡಿನಲ್ ಮೆರ್ಸಿಯೇ ಅವರ ಕೈಯಿಂದ ಗುರುದೀಕ್ಷೆ ಪಡೆದ ಕೆಲವೇ ದಿನಗಳಲ್ಲಿ, ಆ ಸಿದ್ಧಾಂತವನ್ನು ಆಳವಾಗಿ ಬಲ್ಲ ಎಡಿಂಗ್ಟನ್ ಅವರ ಬಳಿ ಕಲಿಯಲು ಕೇಂಬ್ರಿಜ್‌ಗೆ ಹೊರಟ. ಮರುವರ್ಷ ಅಮೆರಿಕದ ಹಾರ್ವರ್ಡ್ ವೇಧಶಾಲೆ. 1925ರಲ್ಲಿ ಮತ್ತೆ ಲೂವೇನ್, ಈ ಸಲ ಅಧ್ಯಾಪಕರಾಗಿ.

1927ರಲ್ಲಿ ಅವರು ಬ್ರಸೆಲ್ಸ್‌ನ ವೈಜ್ಞಾನಿಕ ಸಂಘವೊಂದರ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯ ಒಂದು ಪ್ರಬಂಧ ಪ್ರಕಟಿಸಿದರು. ದೂರದ ಗೆಲಾಕ್ಸಿಗಳು ನಮ್ಮಿಂದ ಇನ್ನೂ ದೂರ ಸರಿಯುತ್ತಿರುವಂತೆ ಕಾಣುವುದು ಅವು ಓಡುತ್ತಿರುವುದರಿಂದಲ್ಲ, ಅವುಗಳ ನಡುವಿನ ಆಕಾಶವೇ ಹಿಗ್ಗುತ್ತಿರುವುದರಿಂದ. ಆದ್ದರಿಂದ ಎಷ್ಟು ದೂರವೋ ಅಷ್ಟು ವೇಗ ಎಂದು ಸಮೀಕರಣಗಳಿಂದ ತೋರಿಸಿ, 42 ಗೆಲಾಕ್ಸಿಗಳ ಅಳತೆಗಳನ್ನು ಬಳಸಿ ಹಿಗ್ಗುವಿಕೆಯ ದರವನ್ನೂ ಲೆಕ್ಕ ಹಾಕಿದ್ದರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ನಡೆದ ಭೌತವಿಜ್ಞಾನಿಗಳ ಸಾಲ್ವೇ ಸಮ್ಮೇಳನದಲ್ಲಿ ಐನ್‌ಸ್ಟೈನ್ ಸಿಕ್ಕಿದಾಗ, ನಿಮ್ಮ ಗಣಿತ ಸರಿಯಾಗಿದೆ, ಆದರೆ ನಿಮ್ಮ ಭೌತವಿಜ್ಞಾನ ಅಸಹ್ಯವಾಗಿದೆ ಎಂಬರ್ಥದ ಮಾತಾಡಿದರು. ವಿಶ್ವ ಇದ್ದಂತೆಯೇ ಇರುತ್ತದೆ ಎಂಬ ನಂಬಿಕೆ ಆಗ ಐನ್‌ಸ್ಟೈನರಲ್ಲೂ ಅಷ್ಟು ಗಟ್ಟಿಯಾಗಿತ್ತು. ಎರಡು ವರ್ಷಗಳ ನಂತರ, 1929ರಲ್ಲಿ, ಅಮೆರಿಕದ ಎಡ್ವಿನ್ ಹಬಲ್ ದೂರಕ್ಕೂ ವೇಗಕ್ಕೂ ಇರುವ ಅದೇ ಸಂಬಂಧವನ್ನು ವೀಕ್ಷಣೆಯಿಂದ ಸ್ಥಾಪಿಸಿದರು. ಆ ನಿಯಮಕ್ಕೆ ಹಬಲ್ ನಿಯಮ ಎಂದೇ ಹೆಸರಾಯಿತು.

ಇಲ್ಲಿಂದ ಮುಂದಿನದು ನನ್ನನ್ನು ಬಹಳ ಕಾಲ ಕಾಡಿದ ಪ್ರಸಂಗ. 1931ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆ ಲೆಮೆತ್ರ್ ಅವರ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಆ ಅನುವಾದದಲ್ಲಿ ಹಿಗ್ಗುವಿಕೆಯ ದರವನ್ನು ಲೆಕ್ಕ ಹಾಕಿದ್ದ ಪ್ಯಾರಾ ಇಲ್ಲ. ಹಬಲ್ ಅವರಿಗಿಂತ ಮೊದಲೇ ಆ ಸಂಖ್ಯೆಯನ್ನು ಕಂಡವರು ಯಾರು ಎಂಬುದಕ್ಕೆ ಸಾಕ್ಷಿಯಾಗಿದ್ದ ಭಾಗವೇ ಮಾಯವಾಗಿದ್ದುದರಿಂದ, ಯಾರೋ ಬೇಕೆಂದೇ ಅದನ್ನು ಕತ್ತರಿಸಿರಬೇಕೆಂಬ ಅನುಮಾನ ಅನೇಕರಿಗಿತ್ತು. 2011ರಲ್ಲಿ ಹಳೆಯ ಪತ್ರಗಳು ಹೊರಬಿದ್ದಾಗ ತಿಳಿದದ್ದು ಬೇರೆಯೇ. ಅನುವಾದ ಮಾಡಿದವರು ಸ್ವತಃ ಲೆಮೆತ್ರ್. ಆ ಭಾಗವನ್ನು ಬಿಟ್ಟವರೂ ಅವರೇ. ತಾತ್ಕಾಲಿಕ ಅಳತೆಗಳ ಮೇಲೆ ನಿಂತ ಆ ಚರ್ಚೆಗೆ ಈಗ ಬೆಲೆಯಿಲ್ಲ, ಮತ್ತೆ ಅಚ್ಚು ಹಾಕಿಸುವ ಅಗತ್ಯ ಕಾಣೆ ಎಂದು ಸಂಪಾದಕರಿಗೆ ಬರೆದಿದ್ದರು. ಈ ಸಂಕೋಚ ತುಸು ಅತಿಯಾಯಿತು ಎಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಅವರ ಹೆಸರು ಆ ನಿಯಮಕ್ಕೆ ಸೇರಲು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು 2018ರಲ್ಲಿ ಮತ ಹಾಕಬೇಕಾಯಿತು. ಇಂದು ಅದು ಹಬಲ್-ಲೆಮೆತ್ರ್ ನಿಯಮ.

ಅದೇ 1931ರ ಮೇ ತಿಂಗಳಲ್ಲಿ ಅವರು 'ನೇಚರ್' ಪತ್ರಿಕೆಗೆ ಐನೂರು ಪದಗಳೂ ಇಲ್ಲದ ಒಂದು ಪತ್ರ ಬರೆದರು. ಹಿಗ್ಗುತ್ತಿರುವ ವಿಶ್ವದ ಕಾಲವನ್ನು ಹಿಂದಕ್ಕೆ ತಿರುಗಿಸುತ್ತ ಹೋದರೆ ಎಲ್ಲವೂ ಒಂದೇ ಕಣದಲ್ಲಿ ಅಡಗಿದ್ದ ಸ್ಥಿತಿಗೆ ತಲುಪುತ್ತೇವೆ, ಆಕಾಶವೂ ಕಾಲವೂ ಅರ್ಥ ಪಡೆದದ್ದು ಆ ಕಣ ಒಡೆಯತೊಡಗಿದ ಮೇಲೆಯೇ ಎಂಬುದು ಅದರ ಸಾರ. ಮುಂದೆ ಅವರು ಅದನ್ನು ಆದಿಪರಮಾಣು ಎಂದು ಕರೆದರು. ಆ ಪತ್ರದ ಬೆರಳಚ್ಚು ಪ್ರತಿ ಉಳಿದುಕೊಂಡಿದೆ. ಅದರ ಕೊನೆಯಲ್ಲಿ, ಪರಮಾತ್ಮನನ್ನು ನಂಬುವವರು ದೇವರು ಸ್ವಭಾವತಃ ಗುಪ್ತನೆಂದೂ ನಂಬುತ್ತಾರೆ, ಇಂದಿನ ಭೌತವಿಜ್ಞಾನ ಸೃಷ್ಟಿಯನ್ನು ಮರೆಮಾಡುವ ತೆರೆಯೊಂದನ್ನು ಒದಗಿಸಿರುವುದು ಅವರಿಗೆ ಸಂತೋಷ ಕೊಡಬಹುದು ಎಂಬ ಒಂದು ಪ್ಯಾರಾ ಇತ್ತು. ಅದರ ಮೇಲೆ ಗೆರೆ ಎಳೆದಿದೆ. ಅಚ್ಚಾದ ಪತ್ರದಲ್ಲಿ ಅದು ಇಲ್ಲ. ಕೀರ್ತಿ ತರಬಹುದಾಗಿದ್ದ ಪ್ಯಾರಾ ಒಂದು, ನಂಬಿದ ದೇವರನ್ನು ಕುರಿತ ಪ್ಯಾರಾ ಇನ್ನೊಂದು. ಒಂದೇ ವರ್ಷದಲ್ಲಿ ಎರಡನ್ನೂ ವಿಜ್ಞಾನದ ಪುಟಗಳಿಂದ ಹೊರಗಿಟ್ಟರು.

ಈ ಸಂಯಮಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1951ರ ನವೆಂಬರ್ 22ರಂದು. ವ್ಯಾಟಿಕನ್ನಿನ ವಿಜ್ಞಾನ ಸಂಸ್ಥೆಯಾದ ಪಾಂಟಿಫಿಕಲ್ ಅಕಾಡೆಮಿಯನ್ನು ಉದ್ದೇಶಿಸಿ ಮಾತನಾಡಿದ ಪೋಪ್ ಹನ್ನೆರಡನೆಯ ಪಯಸ್, ವಿಶ್ವದ ಆರಂಭದ ಬಗ್ಗೆ ವಿಜ್ಞಾನ ಕಂಡುಕೊಂಡದ್ದು ಸೃಷ್ಟಿಯ ನಂಬಿಕೆಗೆ ಸಾಕ್ಷಿ ನುಡಿಯುತ್ತಿದೆ ಎಂಬ ಅರ್ಥದಲ್ಲಿ ಹೇಳಿದರು. ಬೇರೆ ಯಾವ ಪಾದ್ರಿಯಾದರೂ ತನ್ನ ಸಿದ್ಧಾಂತಕ್ಕೆ ಸಿಕ್ಕ ಇಂಥ ಗೌರವಕ್ಕೆ ಹಿಗ್ಗುತ್ತಿದ್ದರೇನೋ. ಲೆಮೆತ್ರ್ ಅವರಿಗೆ ಕಳವಳವಾಯಿತು. ನಾಳೆ ಹೊಸ ಅಳತೆಗಳು ಬಂದು ಸಿದ್ಧಾಂತ ಬಿದ್ದುಹೋದರೆ ಅದರ ಜೊತೆ ಕಟ್ಟಿದ ನಂಬಿಕೆಯ ಗತಿಯೇನು? ಸೃಷ್ಟಿ ಎಂಬುದು ಗಡಿಯಾರದ ಮೊದಲ ಟಿಕ್ ಅಲ್ಲವಲ್ಲ. ಅವರು ವ್ಯಾಟಿಕನ್ ವೇಧಶಾಲೆಯ ನಿರ್ದೇಶಕರಾಗಿದ್ದ ಜೆಸ್ವಿಟ್ ಪಾದ್ರಿ ಡೇನಿಯಲ್ ಓಕಾನೆಲ್ ಅವರೊಂದಿಗೆ ಮಾತನಾಡಿದರು. 1952ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ಸೇರಿದ್ದ ಖಗೋಳವಿಜ್ಞಾನಿಗಳ ಮುಂದೆ ಪೋಪ್ ಮಾತನಾಡಿದಾಗ ವಿಜ್ಞಾನವನ್ನು ಸೃಷ್ಟಿಯ ನಂಬಿಕೆಗೆ ಜೋಡಿಸುವ ಆ ಮಾತು ಇರಲಿಲ್ಲ. ತಮ್ಮ ಸಿದ್ಧಾಂತ ದೇವರನ್ನು ಅಲ್ಲಗಳೆಯುವವರಿಗೂ ಅವರ ಸ್ವಾತಂತ್ರ್ಯವನ್ನು ಉಳಿಸಿಕೊಡುತ್ತದೆ ಎಂದು ಲೆಮೆತ್ರ್ 1958ರಲ್ಲಿ ತೆರೆದ ಸಭೆಯಲ್ಲೇ ಹೇಳಿದರು. ಇಷ್ಟೆಲ್ಲ ಹೇಳಿದವರು ಗುರುಪಟ್ಟದ ನಿಷ್ಠೆಯಲ್ಲಿ ಕೊನೆಯವರೆಗೂ ಸಡಿಲಿದವರಲ್ಲ. 1960ರಿಂದ ಅದೇ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು.

ಲೂವೇನ್‌ನಲ್ಲಿ ಅವರು ನಾಲ್ಕು ದಶಕಗಳ ಕಾಲ ಪಾಠ ಹೇಳಿದರು. ಲೆಕ್ಕ ಮಾಡುವ ಯಂತ್ರಗಳೆಂದರೆ ಅವರಿಗೆ ಪ್ರಾಣ. ವಿಶ್ವವಿದ್ಯಾನಿಲಯಕ್ಕೆ ಮೊದಲ ಕಂಪ್ಯೂಟರ್, ಒಂದು ಬರೋಸ್ ಯಂತ್ರ, ಬಂದದ್ದು ಅವರಿಂದಲೇ. ಫ್ರೆಂಚ್ ಮತ್ತು ಫ್ಲೆಮಿಶ್ ಭಾಷೆಗಳ ಜಗಳದಲ್ಲಿ ವಿಶ್ವವಿದ್ಯಾನಿಲಯ ಇಬ್ಭಾಗವಾಗುವ ಸೂಚನೆ ಕಂಡಾಗ ಅದನ್ನು ವಿರೋಧಿಸಿ ನಿಂತರು. ವಿಭಜನೆ ನಿಲ್ಲಲಿಲ್ಲ, ಆದರೆ ಅದನ್ನು ನೋಡಲು ಅವರು ಇರಲಿಲ್ಲ.

1964ರ ಕೊನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಮುಂದೆ ರಕ್ತದ ಕ್ಯಾನ್ಸರ್ ಇರುವುದೂ ತಿಳಿಯಿತು. ಅದೇ ಸಮಯಕ್ಕೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ರೇಡಿಯೋ ವಿಜ್ಞಾನಿಗಳು ಕಹಳೆಯಾಕಾರದ ದೊಡ್ಡ ಆಂಟೆನಾ ಇಟ್ಟುಕೊಂಡು ಒಂದು ಗೊರಗೊರ ಸದ್ದಿನ ಮೂಲ ತಿಳಿಯದೆ ತಲೆ ಕೆಡಿಸಿಕೊಂಡಿದ್ದರು. ಹಗಲೂ ರಾತ್ರಿಯೂ, ಬೇಸಿಗೆಯಲ್ಲೂ ಚಳಿಗಾಲದಲ್ಲೂ, ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಸದ್ದು. ಒಳಗೆ ಗೂಡು ಮಾಡಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ತೊಳೆದರೂ ಅದು ಹೋಗಲಿಲ್ಲ. ಅದು ಬಿಸಿಯಾಗಿದ್ದ ಎಳೆಯ ವಿಶ್ವದಿಂದ ಹೊರಟು, ಇಷ್ಟು ಕಾಲ ಹಿಗ್ಗಿ ತಣ್ಣಗಾಗಿ ನಮ್ಮವರೆಗೆ ಬಂದ ಬೆಳಕಿನ ಶೇಷವೆಂದು 1965ರಲ್ಲಿ ಪ್ರಕಟವಾಯಿತು.

ಲೂವೇನ್‌ನ ಆಸ್ಪತ್ರೆಯಲ್ಲಿ ಮಲಗಿದ್ದ ಲೆಮೆತ್ರ್ ಅವರಿಗೆ ಈ ಸುದ್ದಿಯನ್ನು ತಂದು ಹೇಳಿದವರು ಅವರಿಗೆ ಸಹಾಯಕರಾಗಿದ್ದ ಓಡೋನ್ ಗೋದಾರ್. ಮೂವತ್ತೈದು ವರ್ಷಗಳ ಹಿಂದೆ ಒಂದು ಪುಟದಲ್ಲಿ ಬರೆದಿಟ್ಟಿದ್ದ ಊಹೆಗೆ ಆಕಾಶದಿಂದಲೇ ಬಂದ ಉತ್ತರವನ್ನು ಅವರು ಹಾಸಿಗೆಯಲ್ಲಿ ಮಲಗಿ ಕೇಳಿದರು, ಸಂತೋಷಪಟ್ಟರು. 1966ರ ಜೂನ್ 20ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡರು. ಹುಟ್ಟೂರಾದ ಷಾರ್ಲ್‌ರ್ವಾಕ್ಕೆ ಹೊಂದಿಕೊಂಡಂತಿರುವ ಮಾರ್ಸಿನೆಲ್‌ನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು.

ನಮಸ್ಕಾರ.