ಅಂಗಾಲಿನ ಕಪ್ಪು ಕಲೆ

ಕೇಳುಗರಿಗೆ ನಮಸ್ಕಾರ.

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ. ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಚರ್ಮರೋಗ ವಿಭಾಗದ ಮುಂದೆ ಸರದಿಯಲ್ಲಿ ಕುಳಿತವರಲ್ಲಿ ಬಹುಪಾಲು ಜನರದು ಗಜಕರ್ಣ, ಇಸಬು, ತುರಿಕೆ. ಹೀಗಿದ್ದೂ ಈ ವಿರಳ ಕಾಯಿಲೆಯ ಬಗ್ಗೆ ನಾನು ಮಾತನಾಡಬಯಸುವುದಕ್ಕೆ ಕಾರಣವಿದೆ. ಬೇಗ ಬಂದವರಿಗೆ ಇದು ಒಂದು ಶಸ್ತ್ರಚಿಕಿತ್ಸೆಯಲ್ಲೇ ವಾಸಿಯಾಗಬಹುದು. ತಡವಾದರೆ ಇಷ್ಟು ಉಗ್ರವಾದ ಚರ್ಮದ ಕಾಯಿಲೆ ಬೇರೆ ಇಲ್ಲವೆಂದೇ ಹೇಳಬೇಕು. ನಮ್ಮ ಜನರು ತಡವಾಗಿಯೇ ಬರುತ್ತಾರೆ, ಏಕೆಂದರೆ ಅದು ನಾವು ನೋಡದ ಜಾಗದಲ್ಲಿ ಹುಟ್ಟುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಹದ ತಪ್ಪಿ ಬೆಳೆಯತೊಡಗಿದಾಗ ಮೆಲನೋಮ ಆಗುತ್ತದೆ. ಬಿಳಿ ಚರ್ಮದವರಲ್ಲಿ ಬಿಸಿಲು ಇದಕ್ಕೆ ದೊಡ್ಡ ಕಾರಣ. ನಮ್ಮ ಚರ್ಮದ ಕಪ್ಪು ಬಣ್ಣ ಬಿಸಿಲಿನ ಹಾನಿಯನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಆದರೆ ಅಂಗಾಲು, ಅಂಗೈ ಮತ್ತು ಉಗುರಿನ ಕೆಳಗೆ ಬರುವ ಒಂದು ಬಗೆಯ ಮೆಲನೋಮ ಉಂಟು. ಅದಕ್ಕೂ ಬಿಸಿಲಿಗೂ ನಂಟು ಬಹಳ ಕಡಿಮೆ. ಹೀಗಾಗಿ ಕಪ್ಪು ಬಣ್ಣ ಅದನ್ನು ತಡೆಯಲಾರದು, ಮತ್ತು ಭಾರತೀಯರಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಈಗ ನಮ್ಮ ಕಾಲುಗಳನ್ನೇ ನೋಡಿ. ಜೋಳದ ಕೂಳೆ ಚುಚ್ಚುತ್ತದೆ, ಜಾಲಿಮುಳ್ಳು ಮುರಿದು ಒಳಗೇ ಉಳಿಯುತ್ತದೆ. ಕಬ್ಬು ಕಡಿಯುವವರ ಕಾಲಿಗೆ ಗಾಯ ಹೊಸದಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರ ಅಂಗಾಲಲ್ಲಿ ಬೊಬ್ಬೆ ಏಳದೆ ಇರುವುದಿಲ್ಲ. ಇಂಥ ಕಾಲಿನಲ್ಲಿ ಒಂದು ಕಪ್ಪು ಕಲೆ ಕಂಡರೆ ಮುಳ್ಳಿನ ಗುರುತು ಎನ್ನುತ್ತೇವೆ, ಗಟ್ಟಿಯಾದರೆ ಆಣಿ ಎನ್ನುತ್ತೇವೆ, ರಸಿಗೆ ಸೋರಿದರೆ ಸಕ್ಕರೆ ಕಾಯಿಲೆಯ ಹುಣ್ಣು ಎನ್ನುತ್ತೇವೆ. ಬ್ಲೇಡಿನಿಂದ ಕೆತ್ತುವುದು, ಎಕ್ಕದ ಹಾಲು ಹಚ್ಚುವುದು, ಸುಡುವುದು ಶುರುವಾಗುತ್ತದೆ. ಕೈಮುಗಿದು ಕೇಳುತ್ತೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಗುರುತು ಅಳಿಸಿ, ಕಾಯಿಲೆ ಒಳಗೇ ಬೆಳೆಯುತ್ತಿರುತ್ತದೆ.

ಯಾವ ಕಲೆಯನ್ನು ಅನುಮಾನಿಸಬೇಕು? ಅರ್ಧ ಒಂದು ಆಕಾರ, ಇನ್ನರ್ಧ ಬೇರೆ ಆಕಾರ ಇದ್ದರೆ. ಅಂಚು ಹರಿದಂತೆ ಅಂಕುಡೊಂಕಾಗಿದ್ದರೆ. ಒಂದೇ ಕಲೆಯಲ್ಲಿ ಕಪ್ಪು, ಕಂದು, ಬೂದು, ಕೆಂಪು ಬೆರೆತಿದ್ದರೆ. ತೊಗರಿ ಕಾಳಿಗಿಂತ ದೊಡ್ಡದಾಗಿ, ಅಂದರೆ ಸುಮಾರು 6 ಮಿಲಿಮೀಟರ್ ದಾಟಿದ್ದರೆ. ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಬದಲಾವಣೆಯನ್ನು. ಹುಟ್ಟಿದಾಗಿನಿಂದ ಇದ್ದ ಹಾಗೇ ಇರುವ ಮಚ್ಚೆಗೆ ಅಂಜಬೇಕಿಲ್ಲ. ಕೆಲವು ತಿಂಗಳಲ್ಲಿ ಹರಡಿದ, ಉಬ್ಬಿದ, ರಕ್ತ ಜಿನುಗುವ ಮಚ್ಚೆಯನ್ನು ತೋರಿಸಲೇಬೇಕು. ಕೆಲವೊಮ್ಮೆ ಇದು ಕಪ್ಪಾಗಿರದೆ ನಸುಗೆಂಪು ಗಂಟಿನಂತೆಯೂ ಇರುತ್ತದೆ. ಆದ್ದರಿಂದ ವಾರಗಟ್ಟಲೆ ಮಾಯದ ಯಾವುದೇ ಗಂಟು, ಹುಣ್ಣು ಅನುಮಾನಕ್ಕೆ ಅರ್ಹ.

ಉಗುರಿನ ವಿಷಯ ಇನ್ನಷ್ಟು ಮೋಸದ್ದು. ಕಪ್ಪು ಚರ್ಮದವರ ಹಲವು ಉಗುರುಗಳಲ್ಲಿ ತೆಳುವಾದ ಕಂದು ಗೆರೆ ಇರುವುದು ಸಹಜ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಮೂಡಿ ಅಗಲವಾಗುತ್ತ ಹೋಗುವ ಗೆರೆ ಸಹಜವಲ್ಲ. ಆ ಕಪ್ಪು ಉಗುರು ದಾಟಿ ಪಕ್ಕದ ಚರ್ಮಕ್ಕೂ ಹಬ್ಬಿದರೆ ಉಗುರುಸುತ್ತು ಎಂದು ಸುಮ್ಮನಿರಬೇಡಿ. ಕಲ್ಲು ಎಡವಿ ಉಗುರಿನಡಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಲೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಬುಡದಲ್ಲಿ ಹೊಸ, ಸ್ವಚ್ಛ ಉಗುರು ಕಾಣುತ್ತದೆ. ಬುಡದಿಂದಲೇ ಕಪ್ಪು ಬರುತ್ತಿದ್ದರೆ ವೈದ್ಯರು ನೋಡಬೇಕು. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ ಕಾಯಿಲೆ. ಮೊದಲು ಅದನ್ನು ಫುಟ್‌ಬಾಲ್ ಆಟದ ಗಾಯವೆಂದೇ ತಿಳಿದಿದ್ದರು. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 36.

ಅನುಮಾನ ಬಂದರೆ ವೈದ್ಯರು ಆ ಕಲೆಯನ್ನು, ದೊಡ್ಡದಿದ್ದರೆ ಅದರ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಕತ್ತರಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಅದು ನಿಜವಲ್ಲ, ಮತ್ತು ಆ ಅಂಜಿಕೆಯಿಂದ ಜೀವಗಳು ಹೋಗುತ್ತಿವೆ. ಗಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಅಮೆರಿಕದ ವೈದ್ಯರು ತೋರಿಸಿಕೊಟ್ಟ ಆ ಅಳತೆಯೇ ಇಂದಿಗೂ ಮುಂದಿನ ದಾರಿಯನ್ನು ತೀರ್ಮಾನಿಸುತ್ತದೆ. ಆಳ 1 ಮಿಲಿಮೀಟರಿನ ಒಳಗಿದ್ದರೆ ಸುತ್ತ 1 ಸೆಂಟಿಮೀಟರ್ ಚೆನ್ನಾಗಿರುವ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. 2 ಮಿಲಿಮೀಟರ್ ದಾಟಿದರೆ 2 ಸೆಂಟಿಮೀಟರ್. ಆಳವಾದಲ್ಲಿ ತೊಡೆಸಂದಿನ ಅಥವಾ ಕಂಕುಳಿನ ದುಗ್ಧಗ್ರಂಥಿಗಳಲ್ಲಿ, ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿಯನ್ನೂ ತೆಗೆದು ನೋಡುತ್ತಾರೆ.

ದೇಹದ ಬೇರೆ ಕಡೆಗೆ ಹರಡಿದ ಮೇಲೆ 2011ಕ್ಕೆ ಮುಂಚೆ ಹೆಚ್ಚಿನವರು ಒಂದು ವರ್ಷ ದಾಟುತ್ತಿರಲಿಲ್ಲ. ಆ ವರ್ಷದಿಂದ ಇಮ್ಯುನೋಥೆರಪಿಯ ಔಷಧಗಳು ಬಂದವು. ಇವು ನಮ್ಮ ರೋಗನಿರೋಧಕ ಕಣಗಳಿಗೆ ಬಿದ್ದಿರುವ ತಡೆಯನ್ನು ಬಿಡಿಸುತ್ತವೆ. ಆಮೇಲೆ ಕ್ಯಾನ್ಸರಿನ ಮೇಲೆ ಎರಗುವುದು ಆ ಕಣಗಳೇ. ಈ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಹರಡಿದ ಕಾಯಿಲೆಯೊಂದಿಗೂ ಹಲವು ವರ್ಷ ಬಾಳುತ್ತಿರುವವರು ಈಗ ಇದ್ದಾರೆ. ಗಡ್ಡೆಯಲ್ಲಿ ಬಿ-ರಾಫ್ ಎಂಬ ಜೀನ್ ಬದಲಾಗಿದ್ದರೆ ಅದಕ್ಕೆಂದೇ ಮಾತ್ರೆಗಳಿವೆ. ಆದರೆ ಅಂಗಾಲಿನ ಬಗೆಯಲ್ಲಿ ಆ ಬದಲಾವಣೆ ಕಡಿಮೆ, ಇಮ್ಯುನೋಥೆರಪಿಗೂ ಅದು ಅಷ್ಟಾಗಿ ಮಣಿಯುವುದಿಲ್ಲ. ಬೇಗ ಬನ್ನಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಎಲ್ಲಿಗೆ ಹೋಗಬೇಕು? ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ನಿಮಗೆ ಬರೆದುಕೊಟ್ಟ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

ಇನ್ನೊಂದು ಮಾತು. ಆಣಿ ಎಂದು ಯಾವುದಾದರೂ ಚಿಕ್ಕ ದವಾಖಾನೆಯಲ್ಲಿ ಕತ್ತರಿಸಿದ್ದರೂ ಆ ತುಣುಕನ್ನು ಎಸೆಯಲು ಬಿಡಬೇಡಿ, ಪರೀಕ್ಷೆಗೆ ಕಳಿಸಿ ಎಂದು ಹೇಳಿ. ಪ್ರಯೋಗಾಲಯದವರು ಅದನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆಗೆ ಆ ಬ್ಲಾಕನ್ನೂ ಕೇಳಿ ಪಡೆಯಿರಿ. ಅದಿದ್ದರೆ ಸಾಮಾನ್ಯವಾಗಿ ಮತ್ತೆ ಕತ್ತರಿ ಹಾಕದೆಯೇ ಜೀನ್ ಪರೀಕ್ಷೆಯನ್ನೂ ಮಾಡಬಹುದು.

ನಮಸ್ಕಾರ.